ಲಿವರ್ ಒಳಗೊಂದು ಅಂಜೂರ

ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿ ಕೆಲವು ತಿಂಗಳಾಯ್ತು. ದೇಹದ ಭಾಗಗಳ ಹೆಸರು ಬಾಯಿಪಾಠ ಮಾಡುವಾಗ ನನ್ನನ್ನು ಜಾಸ್ತಿ ಗೋಳು ಹೊಯ್ದುಕೊಂಡಿದ್ದು ‘ಈಗದೊ’. ಅಂದರೆ ಲಿವರ್. ನಮ್ಮ ‘ಈಗ’ ಇದ್ದ ಹಾಗೇ ಶುರುವಾಗುತ್ತೆ, ನೆನಪಿಡೋದು ಸುಲಭ ಅಂದುಕೊಂಡೆ. ಆದರೆ ‘ಈಗೊ’ ಅಂತ ಇನ್ನೊಂದಿದೆ, ಅದು ಅಂಜೂರ. ಒಂದರ ಜಾಗದಲ್ಲಿ ಇನ್ನೊಂದನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ.

ಸಿಟ್ಟು ಬಂದು ಪಕ್ಕದ ಭಾಷೆಗಳನ್ನು ನೋಡಿದೆ. ಪೋರ್ಚುಗೀಸಿನಲ್ಲಿ ಲಿವರ್ ‘ಫೀಗದು’, ಅಂಜೂರ ‘ಫೀಗು’. ಇಟಾಲಿಯನ್‌ನಲ್ಲಿ ‘ಫೇಗತೊ’, ‘ಫೀಕೊ’. ಮೂರು ಭಾಷೆಯಲ್ಲೂ ಹೀಗಿದ್ದರೆ ಸುಮ್ನೆ ಆಗಿದ್ದಲ್ಲ ಅಲ್ವಾ?

ಅಲ್ಲ. ಇದೆಲ್ಲ ಅಡುಗೆಮನೆಯಲ್ಲಿ ಆದ ಕೆಲಸ. ಈ ಭಾಷೆಗಳಿಗೆಲ್ಲ ತಾಯಿಯಾದ ಹಳೇ ಲ್ಯಾಟಿನ್‌ನಲ್ಲಿ ಲಿವರ್‌ಗೆ ‘ಯೆಕುರ್’ ಅನ್ನುತ್ತಿದ್ದರು. ಹೆಬ್ಬಾತುಗಳಿಗೆ, ಹಂದಿಗಳಿಗೆ ಅಂಜೂರ ತಿನ್ನಿಸಿ ಲಿವರ್ ಕೊಬ್ಬಿಸುವ ಚಟ ರೋಮನ್ನರಿಗೆ ಇತ್ತು. ಹಂದಿಗೂ ಹೀಗೆ ಮಾಡಬಹುದು ಅಂತ ಕಂಡುಹಿಡಿದವನು ಅಪಿಸಿಯಸ್ ಎಂಬ ಭೋಜನಪ್ರಿಯ ಎಂದು ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಒಣ ಅಂಜೂರ ಹಾಕಿ ಕೊಬ್ಬಿಸಿ, ಕೊನೆಗೆ ಜೇನು ಬೆರೆಸಿದ ವೈನ್ ಕುಡಿಸಿ ಸಾಯಿಸುತ್ತಿದ್ದರಂತೆ, ಪಾಪ. ಅಂಥ ಲಿವರ್‌ಗೆ ‘ಯೆಕುರ್ ಫಿಕಾತುಮ್’, ಅಂದರೆ ಅಂಜೂರ ಹಾಕಿದ ಲಿವರ್ ಅಂತ ಹೆಸರು. ಗ್ರೀಕರು ಮೊದಲೇ ಹೀಗೆ ಕರೆಯುತ್ತಿದ್ದರು, ರೋಮನ್ನರು ಅದನ್ನೇ ತಮ್ಮ ಮಾತಿಗೆ ಇಳಿಸಿಕೊಂಡರು. ಇವತ್ತಿಗೂ ಗ್ರೀಕಿನಲ್ಲಿ ಲಿವರ್ ಅಂದರೆ ‘ಸಿಕೋತಿ’, ಅಂಜೂರ ‘ಸೀಕೊ’.

ಆಮೇಲೆ ‘ಮೊಬೈಲ್ ಫೋನ್’ ಹೋಗಿ ಬರೀ ‘ಮೊಬೈಲ್’ ಆಯ್ತಲ್ಲ, ಹಾಗೇ ಆಯ್ತು. ‘ಯೆಕುರ್’ ಉದುರಿಹೋಗಿ ‘ಫಿಕಾತುಮ್’ ಉಳಿಯಿತು. ತಟ್ಟೆಯಲ್ಲಿದ್ದ ಪದ ಮನುಷ್ಯನ ಹೊಟ್ಟೆಯೊಳಗೂ ಸೇರಿತು, ಅಂಜೂರದ ಮುಖವನ್ನೇ ನೋಡದವರ ಲಿವರ್‌ಗೂ ಅದೇ ಹೆಸರು.

ಸ್ಪ್ಯಾನಿಷ್‌ನಲ್ಲಿ ‘ಫ’ ಎಲ್ಲಿ ಹೋಯ್ತು ಅಂತ ಕೇಳಬಹುದು. ನಮ್ಮ ‘ಪಾಲು’ ‘ಹಾಲು’ ಆದ ಹಾಗೆ, ‘ಪಾವು’ ‘ಹಾವು’ ಆದ ಹಾಗೆ ಅಲ್ಲಿ ‘ಫ’ ಮೊದಲು ‘ಹ’ ಆಯ್ತು. ಆಮೇಲೆ ಆ ‘ಹ’ ಕೂಡ ಬಾಯಿಂದ ಬಿದ್ದುಹೋಗಿ ಬರವಣಿಗೆಯಲ್ಲಿ ಮಾತ್ರ ಉಳಿಯಿತು. ‘ಹಾಲು’ ಅನ್ನೋದನ್ನು ‘ಆಲು’ ಅನ್ನುವವರನ್ನು ಆಡಿಕೊಳ್ಳುವವರು ಇದನ್ನು ಸ್ವಲ್ಪ ಗಮನಿಸಿ.

ಫ್ರೆಂಚರಂತೂ ಪದವನ್ನು ಸವೆಸಿ ಸವೆಸಿ ‘ಫ್ವಾ’ ಮಾಡಿಟ್ಟಿದ್ದಾರೆ. ನಂಬಿಕೆಗೂ ‘ಫ್ವಾ’, ‘ಒಂದು ಸಲ’ ಅನ್ನುವಾಗಿನ ಸಲಕ್ಕೂ ‘ಫ್ವಾ’, ದಕ್ಷಿಣ ಫ್ರಾನ್ಸಿನ ಒಂದು ಊರೂ ‘ಫ್ವಾ’. ಬರೆಯೋದು ಮಾತ್ರ ನಾಲ್ಕೂ ಬೇರೆ ಬೇರೆ. ಅವರಿಗೆ ಅಂಜೂರ ಎಷ್ಟು ಮರೆತುಹೋಗಿದೆ ಅಂದರೆ, ಕೊಬ್ಬಿಸಿದ ಲಿವರ್ ಅನ್ನೋಕೆ ಈಗ ಮತ್ತೆ ‘ಗ್ರಾ’ ಸೇರಿಸಿ ‘ಫ್ವಾ ಗ್ರಾ’ ಅನ್ನಬೇಕು. ‘ಫ್ವಾ’ದಲ್ಲೇ ಕೊಬ್ಬು ಇತ್ತಲ್ಲ ಮಾರಾಯ್ರೇ!

ರೊಮೇನಿಯನ್‌ನಲ್ಲಿ ‘ಫಿಕಾತ್’. ಇಟಲಿ, ಸ್ಪೇನ್‌ನವರು ಪದದ ಮೊದಲಲ್ಲಿ ಒತ್ತು ಕೊಟ್ಟರೆ ಇವರು ಕೊನೆಯಲ್ಲಿ ಒತ್ತುತ್ತಾರೆ. ಅಂಜೂರಕ್ಕೆ ಇವರು ಸ್ಲಾವಿಕ್ ಭಾಷೆಯಿಂದ ‘ಸ್ಮೊಕೀನ’ ತಂದುಕೊಂಡಿದ್ದಾರೆ, ಹಾಗಾಗಿ ಎರಡಕ್ಕೂ ನಂಟಿದೆ ಅಂತ ಅಲ್ಲಿ ಯಾರಿಗೂ ಹೊಳೆಯೋಕೆ ಸಾಧ್ಯವೇ ಇಲ್ಲ.

ನನಗೆ ಜಾಸ್ತಿ ಇಷ್ಟವಾಗಿದ್ದು ನುಡಿಗಟ್ಟುಗಳು. ಇಟಲಿಯಲ್ಲಿ ‘ಅವನಿಗೆ ಲಿವರ್ ಇದೆ’ ಅಂದರೆ ಗುಂಡಿಗೆ ಇರುವವನು. ಫ್ರಾನ್ಸಿನಲ್ಲಿ ‘ಅವನಿಗೆ ಲಿವರ್‌ಗಳು ಇವೆ’ ಅಂದರೆ ಪುಕ್ಕಲ! ಒಂದೇ ಪದ, ಒಂದೇ ಅಂಗ, ಆಲ್ಪ್ಸ್ ದಾಟಿದರೆ ಧೈರ್ಯ ಹೋಗಿ ಭಯ. ರೊಮೇನಿಯಾದಲ್ಲಿ ಒಬ್ಬರ ಲಿವರ್ ತಿಂದರೆ ನಾವು ತಲೆ ತಿಂದ ಹಾಗೆ.

ಹಾಗಾದರೆ ಪಾಪದ ‘ಯೆಕುರ್’ ಎಲ್ಲಿ ಹೋಯ್ತು? ಲ್ಯಾಟಿನ್‌ನ ಸ್ವಂತ ಮಕ್ಕಳು ಅದನ್ನು ಕೈಬಿಟ್ಟರು. ಅದರ ದೂರದ ನೆಂಟ ಸಿಕ್ಕಿದ್ದು ನನ್ನ ಹಳೇ ವಿಜ್ಞಾನದ ಪುಸ್ತಕದಲ್ಲಿ. ಸಂಸ್ಕೃತದಿಂದ ಬಂದ ‘ಯಕೃತ್ತು’ ಅದೇ ಬೇರಿನದು. ಯೆಕುರ್, ಯಕೃತ್ ಅಂತ ಒಟ್ಟಿಗೆ ಹೇಳಿ ನೋಡಿ. ಶಾಲೆಯಲ್ಲಿ ಆ ಚಿತ್ರದ ಪಕ್ಕ ಬಾಣದ ಗುರುತು ಹಾಕಿ ಹೆಸರು ಬರೆಯುವಾಗ ವಟ್ರಸುಳಿ ಬಿಟ್ಟು ಅರ್ಧ ಮಾರ್ಕು ಕಳೆದುಕೊಂಡಿದ್ದು ನೆನಪಾಯ್ತು.