ಪಕ್ಕದ ಡಕ್ಟನ್ನು ನಾನು ನೋಡಲೇ ಇಲ್ಲ

ಮೈಕ್ರೋಸ್ಕೋಪಿನಡಿ ಗಡ್ಡೆ ನೋಡಿ ರಿಪೋರ್ಟ್ ಬರೆಯುವ ಪೆಥಾಲಜಿಸ್ಟ್ ನಾನು. ಸ್ತನ ಕ್ಯಾನ್ಸರಿನ ಟ್ರಿಪಲ್ ನೆಗೆಟಿವ್ ಕೇಸುಗಳನ್ನು ಒಟ್ಟುಹಾಕುತ್ತಿದ್ದ ಕಾಲ ಅದು. ಬಡ್ತಿಗೆ ಪೇಪರ್ ಬೇಕಿತ್ತು, ಸುಳ್ಳೇಕೆ ಹೇಳಲಿ. ಆದರೆ ವರ್ಷಗಟ್ಟಲೆ ಸ್ತನದ ಸ್ಲೈಡುಗಳನ್ನೇ ನೋಡಿ ನೋಡಿ ಆ ಗಡ್ಡೆಗಳ ಮೇಲೆ ಒಂಥರಾ ಹಟವೂ ಹುಟ್ಟಿತ್ತು. ಹಾರ್ಮೋನ್ ಹಿಡಿಯುವ ಗ್ರಾಹಕಗಳಾದ ಇಆರ್ ಇಲ್ಲ, ಪಿಆರ್ ಇಲ್ಲ, ಗಡ್ಡೆ ಬೆಳೆಸುವ ಪ್ರೋಟೀನ್ ಹರ್‌-2 ಇಲ್ಲ. ಹಾರ್ಮೋನ್ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆಗೂ ಬಗ್ಗವು, ಹರ್-2 ತಡೆಯುವ ಟ್ರಾಸ್ಟುಜುಮ್ಯಾಬಿಗೂ ಬಗ್ಗವು. ಪಾಶ್ಚಾತ್ಯ ದೇಶಗಳಲ್ಲಿ ಸ್ತನ ಕ್ಯಾನ್ಸರಿನಲ್ಲಿ ಇಂಥವು ಶೇ 10–15; ನಮ್ಮ ದೇಶದ ಪೇಪರುಗಳಲ್ಲಿ ಶೇ 30ರ ಆಸುಪಾಸು. ನನ್ನ ಎಕ್ಸೆಲ್ ಶೀಟಿನಲ್ಲಿ ಅದನ್ನೂ ದಾಟಿತ್ತು. ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಖುಷಿ. ಅಬ್‌ಸ್ಟ್ರಾಕ್ಟ್ ಬರೆದು ಕಳಿಸಿಯೂ ಆಗಿತ್ತು.

ಒಂದು ಮಧ್ಯಾಹ್ನ ನಮ್ಮ ಹಿರಿಯ ಟೆಕ್ನಿಷಿಯನ್ ಟ್ರೇ ಹಿಡಿದು ಬಂದರು. "ಮೇಡಂ, ಇದೊಂದು ನೋಡ್ತೀರಾ? ಗಡ್ಡೆ ಬಿಡಿ, ಅದರ ಪಕ್ಕದ್ದು."

ಸ್ಟೇಜ್ ಸರಿಸಿದೆ. ಇಆರ್ ಸ್ಟೇನ್ ಹಾಕಿದ ಸ್ಲೈಡು ಅದು. ಗಡ್ಡೆಯ ಅಂಚಿನಲ್ಲೇ ಮಾಮೂಲಿ ಲೋಬ್ಯೂಲ್ (ಹಾಲಿನ ಗ್ರಂಥಿಗಳ ಗೊಂಚಲು), ಪಕ್ಕದಲ್ಲಿ ಎರಡು ಡಕ್ಟು (ಹಾಲಿನ ನಾಳ). ಮಾಮೂಲಿ ಡಕ್ಟಿನಲ್ಲೂ ಇಆರ್ ಇರುತ್ತದೆ, ಇದ್ದಲ್ಲಿ ನ್ಯೂಕ್ಲಿಯಸ್ ಕಂದಾಗುತ್ತದೆ. ಅಲ್ಲಲ್ಲಿ ಕಂದು ನ್ಯೂಕ್ಲಿಯಸ್ ಕಾಣಲೇಬೇಕಾದ ಜಾಗ. ಒಂದೂ ಇಲ್ಲ. ಎಲ್ಲ ಬರೀ ನೀಲಿ. ಸ್ಟೇನ್ ಕೆಲಸ ಮಾಡಿದೆಯೇ ಎಂದು ತಿಳಿಯಲು ಅದೇ ಸ್ಲೈಡಿನ ಮೇಲಿಟ್ಟಿದ್ದ, ಇಆರ್ ಇದೆಯೆಂದು ಗೊತ್ತಿರುವ ಕಂಟ್ರೋಲ್ ತುಣುಕು ಮಾತ್ರ ಚೆನ್ನಾಗಿ ಕಂದಾಗಿತ್ತು. ಅಂದರೆ ಸ್ಟೇನಿನದು ತಪ್ಪಿಲ್ಲ. ಈ ಅಂಗಾಂಶವೇ ಕೆಟ್ಟಿದೆ, ಗಡ್ಡೆಯ ಸೊನ್ನೆಯನ್ನೂ ನಂಬುವಂತಿಲ್ಲ. ಇಷ್ಟು ದಿನ ನಾನು ಆ ತುಣುಕು ನೋಡಿ, ಗಡ್ಡೆ ನೋಡಿ, ಸೊನ್ನೆ ಬರೆದು ಸಹಿ ಹಾಕುತ್ತಿದ್ದೆ. ನಡುವೆ ಇದ್ದದ್ದನ್ನು ನೋಡಿರಲಿಲ್ಲ. ಪಿಜಿಗಳಿಗೆ ಪ್ರತಿ ವರ್ಷ ಇದನ್ನೇ ಪಾಠ ಮಾಡುವವಳು ನಾನು!

ರಿಕ್ವೆಸ್ಟ್ ಫಾರಂಗಳನ್ನು ತೆಗೆದು ಮೇಜಿನ ಮೇಲೆ ಹರಡಿದೆವು. ಪಕ್ಕದ ಡಕ್ಟೂ ನೀಲಿಯಾಗಿದ್ದವು ಹನ್ನೊಂದು. ಹೆಚ್ಚಿನವು ಶನಿವಾರದ ಆಪರೇಷನ್, ಸೋಮವಾರದ ಗ್ರಾಸಿಂಗ್ (ತೆಗೆದ ಭಾಗವನ್ನು ಲ್ಯಾಬಿನಲ್ಲಿ ಕುಯ್ದು ಪರೀಕ್ಷೆಗೆ ತುಣುಕು ತೆಗೆಯುವುದು).

ಸೋಮವಾರದ ಬಕೆಟ್ಟು ಕಣ್ಣಿಗೆ ಕಟ್ಟಿತು. ಆಪರೇಷನ್ನಿನಲ್ಲಿ ತೆಗೆದ ಇಡೀ ಸ್ತನವನ್ನು ಒಂದು ಗೀಟೂ ಹಾಕದೆ ಸಣ್ಣ ಡಬ್ಬಕ್ಕೆ ತುರುಕಿ, ಮೇಲೆ ತೀರ್ಥದ ಹಾಗೆ ಒಂಚೂರು ಫಾರ್ಮಾಲಿನ್, ಅಂಗಾಂಶ ಕೆಡದಂತೆ ಇಡುವ ದ್ರಾವಣ. ಚಾಕು ಇಳಿಸಿದರೆ ಹೊರಗೆ ಬೂದು ಬಣ್ಣ, ಗಟ್ಟಿ. ಒಳಗೆ ನಡು ಬೇಯದ ಇಡ್ಲಿಯಂತೆ ಹಸಿಹಸಿ, ರಕ್ತ ಒಸರುತ್ತಿರುತ್ತದೆ. ಫಾರ್ಮಾಲಿನ್ ಒಳಗಿಳಿಯುವುದು ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರು, ಆಳಕ್ಕೆ ಹೋದಂತೆ ಇನ್ನೂ ನಿಧಾನ. ಒಂದು ಗಂಟೆಯೊಳಗೆ ಕುಯ್ದು ಫಾರ್ಮಾಲಿನ್ನಿಗೆ ಹಾಕಿ, 6ರಿಂದ 72 ಗಂಟೆ ಇಡಿ ಎಂದು 2010ರ ಅಮೆರಿಕನ್ ಮಾರ್ಗಸೂಚಿಯೇ ಹೇಳಿದೆ. ನಮ್ಮ ಫಾರಂ ಪ್ರಕಾರ ಅವು 72ರ ಒಳಗೇ ಇದ್ದವು. ಗಡ್ಡೆಯ ನಡುವಿಗೆ ಮಾತ್ರ ಫಾರ್ಮಾಲಿನ್ ಹೊತ್ತಿಗೆ ತಲುಪಿರಲೇ ಇಲ್ಲ. ದೇಶದ ಆ ಶೇ 30ರಲ್ಲೂ ಒಂದಿಷ್ಟು ಪಾಲು ಇಂಥ ಬಕೆಟ್ಟುಗಳದೇ ಇರಬಹುದು ಎಂಬ ಗುಮಾನಿ ನನಗೆ ಅಂದಿನಿಂದ ಹೋಗಿಲ್ಲ.

ಒಬ್ಬ ಹೆಂಗಸಿನ ಕೋರ್ ಬಯಾಪ್ಸಿಯ, ಅಂದರೆ ಸೂಜಿಯಲ್ಲಿ ತೆಗೆದ ತುಣುಕಿನ, ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟದ್ದು) ನಮ್ಮಲ್ಲೇ ಇತ್ತು. ಸಣ್ಣ ಎಳೆ, ಫಾರ್ಮಾಲಿನ್ ಚೆನ್ನಾಗಿ ಹಿಡಿದಿರುತ್ತದೆ. ಅದಕ್ಕೆ ಇಆರ್ ಹಾಕಿಸಿದೆ. ಸ್ಲೈಡನ್ನು ಪ್ರೆಷರ್ ಕುಕ್ಕರಿನಲ್ಲಿ ಕಾಯಿಸಬೇಕು, ಆಮೇಲೆ ಪ್ರೈಮರಿ ಆಂಟಿಬಾಡಿ, ಸೆಕೆಂಡರಿ... ಊಟಕ್ಕೂ ಎದ್ದು ಹೋಗದೆ ಅಲ್ಲೇ ಕೂತಿದ್ದೆ. ನೆಗೆಟಿವ್ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ, ನೋಡಿ. ರೋಗಿಗೆ ಪಾಸಿಟಿವ್ ಬಂದರೆ ಒಳ್ಳೆಯದು ಎಂದು ಗೊತ್ತಿದ್ದೂ. ಕಂದು ಬಣ್ಣ ಕೊಡುವ ಡಿಎಬಿ ಬಿಟ್ಟ ಮೇಲೆ ಬರಿಗಣ್ಣಿಗೇ ಕಂದು ಕಂಡಿತು. ಆಲ್‌ರೆಡ್ ಸ್ಕೋರ್ 8, ಅದಕ್ಕಿಂತ ಮೇಲಿಲ್ಲ. ನಾನು ಸಹಿ ಹಾಕಿದ್ದು 0.

ಆಂಕಾಲಜಿಗೆ ಫೋನ್ ಮಾಡಿದೆ. ಅವರು ಫೈಲ್ ತೆರೆಯುವವರೆಗಿನ ಆ ಎರಡು ನಿಮಿಷ ಇವತ್ತಿಗೂ ಮರೆತಿಲ್ಲ. "ಕೀಮೋ ಇನ್ನೂ ಎರಡು ಸೈಕಲ್ ಇದೆ ಮೇಡಂ. ಅದು ಮುಗಿದ ಮೇಲೇ ತಾನೆ ಮಾತ್ರೆ? ಸದ್ಯ, ಹೊತ್ತು ಮೀರಿಲ್ಲ." ಅಷ್ಟು ಹೇಳಿ ಸುಮ್ಮನಾದರು. ಬೈದಿದ್ದರೆ ಚೆನ್ನಾಗಿತ್ತು.

ಹನ್ನೊಂದನ್ನೂ ಬೇರೆ ಬ್ಲಾಕಿನಿಂದಲೋ ಬಯಾಪ್ಸಿಯಿಂದಲೋ ಮತ್ತೆ ಮಾಡಿದೆವು. ಕೆಲವು ನಿಜಕ್ಕೂ ನೆಗೆಟಿವ್ವೇ. ತಿರುಗಿದವಕ್ಕೆಲ್ಲ ತಿದ್ದಿದ ರಿಪೋರ್ಟ್ ಹೋಯಿತು. ಅಬ್‌ಸ್ಟ್ರಾಕ್ಟ್ ವಾಪಸ್ ತಗೊಂಡೆ, ಬಡ್ತಿ ಇನ್ನೊಂದು ವರ್ಷ ಮುಂದೆ ಹೋಯಿತು. ಈಗ ಇಆರ್ ಸ್ಲೈಡು ಬಂದರೆ ಮೊದಲು ಡಕ್ಟು, ಆಮೇಲೆ ಗಡ್ಡೆ. ಡಕ್ಟೇ ಇಲ್ಲದ ಬ್ಲಾಕಿನಲ್ಲಿ ನೆಗೆಟಿವ್ ಬಂದರೆ ಇನ್ನೊಂದು ಬ್ಲಾಕು ಕೇಳುತ್ತೇನೆ. ಪಿಜಿಗಳು ಗೊಣಗುತ್ತಾರೆ.

ಭಾನುವಾರ ಗ್ರಾಸಿಂಗ್ ರೂಮಿಗೆ ಒಬ್ಬ ಅಟೆಂಡರ್ ಕೊಡಿ ಎಂದು ಆಡಳಿತಕ್ಕೆ ಮೂರು ಸಲ ಪತ್ರ ಬರೆದೆ. ಬಾಗಿಲಿಗೆ ಬಯೋಮೆಟ್ರಿಕ್ ಯಂತ್ರ ಬಂತು. ಅಟೆಂಡರ್ ಬರಲಿಲ್ಲ. ಹಾಗಾಗಿ ಓಟಿ ಸಿಸ್ಟರ್‌ಗೇ ದುಂಬಾಲು ಬಿದ್ದೆ. ಈಗ ಶನಿವಾರ ಸಂಜೆ ಅವರದೇ ಫೋನು: "ಮೇಡಂ, ಸರ್ಜನ್ ಸರ್ ಕಟ್ ಮಾಡಿ ಕೊಟ್ರು, ದೊಡ್ಡ ಡಬ್ಬಕ್ಕೆ ಹಾಕಿದೀನಿ. ಟೈಮು ನಾಲ್ಕೂ ಹತ್ತು ಅಂತ ಬರೆದಿದೀನಿ, ಸಾಕಲ್ವಾ?"