ಸಭೆಯ ಬಾಯಿಗೆ ಬಂದ ಹಾಡು

ಮತಸುಧಾರಣಾ ದಿನದ ಆರಾಧನೆಯಲ್ಲಿ ಜರ್ಮನಿಯ ಮತಸುಧಾರಕ ಮಾರ್ಟಿನ್ ಲೂಥರರ, ದೇವರೇ ನಮ್ಮ ಕೋಟೆ ಎನ್ನುವ ಕೋಟೆಯ ಗೀತೆಯನ್ನು ಎತ್ತಿಕೊಂಡೊಡನೆ, ತೀರಿಹೋಗಿ ಎಷ್ಟೋ ವರ್ಷಗಳಾದ ಅಜ್ಜಿಯ ದನಿ ನನ್ನ ಕಿವಿಯನ್ನು ತುಂಬಿಬಿಟ್ಟಿತು. ಅಜ್ಜಿ ಎಂದೂ ತಾಳಕ್ಕೆ ಸರಿಯಾಗಿ ಹಾಡಿದವರಲ್ಲ. ಪ್ರತಿ ಸಾಲಿನ ಕೊನೆಯ ಅಕ್ಷರವನ್ನು ಬಿಡಲೊಲ್ಲದೆ ಎಳೆಯುತ್ತಿದ್ದರು. ಅವರೊಂದಿಗೆ ಇಡೀ ಬೆಂಚೇ ಹಿಂದೆ ಬೀಳುತ್ತಿತ್ತು.

1517ರಲ್ಲಿ ಲೂಥರರು ವಿಟ್ಟೆನ್‌ಬರ್ಗ್‌ನಲ್ಲಿ ಚರ್ಚಿನ ನಡೆಯನ್ನು ಪ್ರಶ್ನಿಸಿದ್ದು, 1521ರಲ್ಲಿ ವರ್ಮ್ಸ್‌ನ ರಾಜಸಭೆಯಲ್ಲಿ ತಮ್ಮ ಮಾತನ್ನು ಹಿಂತೆಗೆದುಕೊಳ್ಳದೆ ನಿಂತದ್ದು, ಇವು ಭಾನುವಾರದ ಶಾಲೆಯಿಂದಲೇ ನಮಗೆ ಪರಿಚಿತ. ನನ್ನ ಮನಸ್ಸು ನಿಲ್ಲುವುದು 1523ರ ಕೊನೆಯಲ್ಲಿ ಲೂಥರರು ತಮ್ಮ ಗೆಳೆಯ, ಸ್ಯಾಕ್ಸನಿಯ ಅರಮನೆಯ ಕಾರ್ಯದರ್ಶಿ ಸ್ಪಾಲಾಟಿನರಿಗೆ ಬರೆದ ಪತ್ರದ ಬಳಿ. ಬೈಬಲಿನ ಕೀರ್ತನೆಗಳನ್ನು ಜರ್ಮನ್ ಹಾಡುಗಳಾಗಿಸಿಕೊಡಿ, ಆದರೆ ಅರಮನೆಯ ಹೊಸ ಮಾತುಗಳು ಬೇಡ, ಸಾಮಾನ್ಯರಿಗೆ ತಿಳಿಯುವ ಸರಳ ಪದಗಳಿರಲಿ ಎಂದು ಅವರು ಕೇಳಿಕೊಂಡಿದ್ದರು. ಅಲ್ಲಿಯವರೆಗೆ ಪೂಜೆಯ ಲ್ಯಾಟಿನ್ ಗಾಯನವು ಬಹುಮಟ್ಟಿಗೆ ಪಾದ್ರಿಗಳದು ಮತ್ತು ಗಾಯಕರದು. 1524ರಲ್ಲಿ ಲೂಥರರ ಜೊತೆಗಾರ ಸಂಗೀತಗಾರ ಯೊಹಾನ್ ವಾಲ್ಟರರ ಗೀತಪುಸ್ತಕ ಬಂತು. ಅದೇ ವರ್ಷ, ಹಿಂದೆ ಸನ್ಯಾಸಿನಿಯಾಗಿದ್ದ ಎಲಿಸಬೆತ್ ಕ್ರೂಟ್ಸಿಗರ್ ಬರೆದ ಕ್ರಿಸ್ತನ ಸ್ತುತಿಯೂ ಅಚ್ಚಾಯಿತು. ಒಬ್ಬ ಹೆಂಗಸಿನ ಹಾಡು! ಅಜ್ಜಿಗೆ ಇದನ್ನು ಹೇಳಬೇಕಿತ್ತು.

ಲೂಥರರ ಕೈಯಲ್ಲಿ 46ನೆಯ ಕೀರ್ತನೆ ಕೋಟೆಯ ಗೀತೆಯಾದರೆ, 130ನೆಯದು ಆಳದಿಂದ ಮೊರೆಯಿಡುವ ಗೀತೆಯಾಯಿತು. 1542ರಲ್ಲಿ ಹದಿಮೂರರ ಮಗಳು ಮ್ಯಾಗ್ದಲೇನಳನ್ನು ಕಳೆದುಕೊಂಡ ತಂದೆಗೆ ಆ ಆಳ ಎಂಥದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. 1546ರಲ್ಲಿ ಐಸ್ಲೆಬೆನ್‌ನಲ್ಲಿ ತೀರಿಕೊಂಡ ಅವರ ಶರೀರ ಹಾಲೆ ನಗರಕ್ಕೆ ಬಂದಾಗ, ಜನ ಅಳುತ್ತಲೇ ಹಾಡಿದ್ದು ಅದೇ ಗೀತೆಯನ್ನು.

1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದಿಳಿದ ಮಿಷನರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಅವರನ್ನು ಕಳುಹಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. ಅದು ಕೇವಲ ಲೂಥರನ್ನರದಲ್ಲ, ಮತಸುಧಾರಣೆಯ ಇನ್ನೊಂದು ಕವಲಾದ, ಕ್ಯಾಲ್ವಿನ್ ಮೊದಲಾದವರ ರಿಫಾರ್ಮ್ಡ್ ಪರಂಪರೆಯವರೂ ಅದರಲ್ಲಿದ್ದರು. ಅವರೂ ಅವರ ಹಿಂದೆ ಬಂದವರೂ ಕನ್ನಡ ಕಲಿತರು, ಜರ್ಮನ್ ಗೀತೆಗಳು ಕನ್ನಡಕ್ಕೆ ಬಂದವು, ಅಜ್ಜಿಯ ಬಾಯಿಗೂ ಬಂದವು.

ಈಗ ನಮ್ಮ ಗಾಯನ ಮಂಡಳಿ ಸೊಗಸಾಗಿ ಹಾಡುತ್ತದೆ. ಪರದೆಯ ಮೇಲೆ ಸಾಲುಗಳು ಮೂಡುತ್ತವೆ. ನಾವು ಬಾಯಿ ಮುಚ್ಚಿಕೊಂಡು ಓದುತ್ತೇವೆ. ಸಭೆಗೆ ದಕ್ಕಿದ್ದ ಹಾಡನ್ನು ಯಾರೂ ಕಸಿದುಕೊಳ್ಳಲಿಲ್ಲ, ನಾವೇ ಮರಳಿ ಒಪ್ಪಿಸಿಬಿಟ್ಟೆವು. ಕೊನೆಯ ಚರಣದಲ್ಲಿ ನಾನು ದನಿಯೆತ್ತಿ, ಕೊನೆಯ ಅಕ್ಷರವನ್ನು ಅಜ್ಜಿಯಂತೆಯೇ ಎಳೆದೆ. ಅಷ್ಟರಲ್ಲಿ ಗಾಯನ ಮಂಡಳಿ ಆಮೆನ್ ಹೇಳಿಯಾಗಿತ್ತು.