ಹುಲ್ಲಿನ ತೆನೆಗೆ ಅದರ ಭಾರ ವಾಪಸ್ ಕೊಡೋದು

ಎರಡು ವಾರದಿಂದ ನನ್ನ ಮೇಜಿನ ಮೇಲೆ ಬರೀ ಹುಲ್ಲಿನ ತೆನೆಗಳೇ. ಕಪ್ಪು ಮಖಮಲ್ ಬಟ್ಟೆ, ಎರಡು ಲೈಟು, ತೀರಾ ಹತ್ತಿರದಿಂದ ತೆಗೆಯೋ 100 ಎಂಎಂ ಮ್ಯಾಕ್ರೋ ಲೆನ್ಸು, ಕಡ್ಡಿ ಹಿಡಿಯೋಕೆ ಒಂದು ಕ್ಲಿಪ್ಪು, ಇಷ್ಟೇ ಸಾಮಾನು. ತೆಗೆದ ಫೋಟೋಗಳಲ್ಲಿ ಹೆಚ್ಚಿನವು ಕೈಬಿಟ್ಟಿದ್ದೇನೆ. ಉಳಿದವು ಯಾಕೆ ಉಳಿದವು ಅನ್ನೋದನ್ನ ಬರೆದಿಡೋಣ ಅನ್ನಿಸಿತು.

ಮೊದಲ ದಿನದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಅವತ್ತು ಸಿಕ್ಕಿದ್ದು ಕೂದಲೆಳೆಯಷ್ಟು ಸಣ್ಣ ತೊಟ್ಟುಗಳಿಂದ ಕಿರುತೆನೆಗಳು ಜೋತಾಡುವಂಥ ಒಂದು ಹುಲ್ಲು. ನೆಟ್ಟಗೆ ನಿಲ್ಲಿಸಿದರೆ ಉಸಿರು ತಾಗಿದರೂ ಅಲ್ಲಾಡುತ್ತಿತ್ತು. ಅದಕ್ಕೆ ಕಡ್ಡಿಯನ್ನ ಅಡ್ಡಲಾಗಿ ಕ್ಲಿಪ್ಪಿಗೆ ಸಿಕ್ಕಿಸಿ, ಫೋಟೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ತಿರುಗಿಸಿ ನೆಟ್ಟಗೆ ಮಾಡಿದೆ. ಫೋಕಸ್ ಚೆನ್ನಾಗಿತ್ತು, ಬೆಳಕು ಚೆನ್ನಾಗಿತ್ತು, ಆದರೂ ಏನೋ ಸರಿ ಇಲ್ಲ. ಎರಡು ದಿನ ತೆಗೆದು ತೆಗೆದು ನೋಡಿದೆ. ಆಮೇಲೆ ಹೊಳೆಯಿತು. ಕಿರುತೆನೆಗಳೆಲ್ಲ ಒಂದೇ ಪಕ್ಕಕ್ಕೆ ಬಾಗಿದ್ದವು. ತೆನೆ ನಿಂತಿದೆ, ಆದರೆ ಕಾಳುಗಳು ಎಡಗಡೆಗೆ ಬೀಳುತ್ತಿವೆ! ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಕಣ್ಣು ಒಪ್ಪೋದಿಲ್ಲ.

ಅಲ್ಲಿಂದ ನಾನು ಯೋಚನೆ ಮಾಡೋ ರೀತಿಯೇ ಬದಲಾಯಿತು. ಹುಲ್ಲನ್ನ ಮೇಜಿಗೆ ತಂದಾಗ ನಾವು ಅದರಿಂದ ಏನೇನೋ ಕಿತ್ತುಕೊಂಡಿರುತ್ತೇವೆ. ನೆಲ ಇಲ್ಲ, ಗಾಳಿ ಇಲ್ಲ, ಪಕ್ಕದಲ್ಲಿ ಒರಗಿಕೊಳ್ಳೋಕೆ ಇನ್ನೊಂದು ಗಿಡ ಇಲ್ಲ. ಇದರ ಜೊತೆ ಭಾರವೂ ಹೋಗಿಬಿಡುತ್ತದೆ. ಕಾಳು ತುಂಬಿದ ತೆನೆ ಯಾಕೆ ಬಾಗಿದೆ ಅಂತ ಚಿತ್ರ ಹೇಳಬೇಕು. ಅದನ್ನ ಹೇಳೋದು ಕಡ್ಡಿ. ತೆನೆಗಿಂತ ಜಾಸ್ತಿ ಹೊತ್ತು ನಾನು ಈಗ ಕಡ್ಡಿಯನ್ನೇ ನೋಡುತ್ತೇನೆ.

ಕ್ಲೋಸಪ್ ಅಂದ ತಕ್ಷಣ ತೆನೆಯಿಂದಲೇ ಫ್ರೇಮ್ ತುಂಬಿಸಿ, ಕಡ್ಡಿಯನ್ನ ಕುತ್ತಿಗೆ ಹತ್ತಿರವೇ ಕತ್ತರಿಸೋದು ಎಲ್ಲರಿಗೂ ಮೊದಲು ಬರೋ ಆಸೆ. ಹಾಗೆ ಮಾಡಿದರೆ ತೆನೆ ಬಾಟಲಿ ತೊಳೆಯೋ ಬ್ರಷ್ಷಿನ ಹಾಗೆ ತೇಲುತ್ತದೆ. ನಾನು ತೆನೆಯ ಉದ್ದದ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಕಡ್ಡಿ ಬಿಡುತ್ತೇನೆ. ಆ ಕಡ್ಡಿ ಫ್ರೇಮಿನ ಕೆಳಗಿನ ಅಂಚಿನಿಂದಲೇ ಒಳಗೆ ಬರಬೇಕು, ಮೂಲೆಯಿಂದ ಅಲ್ಲ. ಮೂಲೆಗೆ ಸೇರಿದ ಗೆರೆ ಕಣ್ಣನ್ನ ಸೀದಾ ಹೊರಗೆ ಎಳೆದುಕೊಂಡು ಹೋಗುತ್ತದೆ. ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಕಡ್ಡಿ ಶುರುವಾಗಿ, ಬಾಗುತ್ತಾ ಬಾಗುತ್ತಾ ತೆನೆ ನಡುವಿಗೆ ಬಂದರೆ, ಖಾಲಿ ಜಾಗ ತಾನಾಗಿಯೇ ಸರಿಯಾದ ಕಡೆ ಸಿಗುತ್ತದೆ. ತೆನೆ ಬಗ್ಗಿರೋ ಕಡೆ ಒಂಚೂರು ಜಾಸ್ತಿ ಕತ್ತಲೆ ಇದ್ದರೆ ಅದಕ್ಕೆ ಬಗ್ಗೋಕೆ ಜಾಗ ಇದೆ ಅನ್ನಿಸುತ್ತದೆ.

ಇನ್ನೊಂದು, ಕಡ್ಡಿಯನ್ನ ಕ್ಲಿಪ್ಪಿನಲ್ಲೇ ನಿಧಾನಕ್ಕೆ ತಿರುಗಿಸಿ ನೋಡಿ. ಪ್ರತಿ ತೆನೆಗೂ ಬಾಗು ಪೂರ್ತಿ ಕಾಣೋ ಒಂದು ಬದಿ ಇರುತ್ತದೆ. ಅಲ್ಲಿಂದ ಕಾಲು ಸುತ್ತು ತಿರುಗಿಸಿದರೆ ಅದೇ ಬಾಗು ಕ್ಯಾಮೆರಾ ಕಡೆಗೆ ಬಂದು ಮಾಯವಾಗುತ್ತದೆ, ಜೊತೆಗೆ ಫೋಕಸ್ಸನ್ನೂ ತಿಂದುಹಾಕುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:1 ಅಳತೆಗೆ, ಅಂದರೆ ಬೆಳಕು ಹಿಡಿಯೋ ಸೆನ್ಸರಿನ ಮೇಲೆ ತೆನೆ ತನ್ನ ನಿಜ ಗಾತ್ರದಲ್ಲೇ ಮೂಡೋ ಅಳತೆಗೆ ಹೋದಾಗ, ಎಫ್/8ರಲ್ಲಿ (ಈ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಚಿಕ್ಕದು) ಶಾರ್ಪ್ ಆಗಿ ಸಿಗೋದು ಹೆಚ್ಚುಕಡಿಮೆ 1 ಮಿಲಿಮೀಟರ್ ಆಳ ಮಾತ್ರ. ಎಫ್/16ಕ್ಕೆ ಹೋದರೆ 2 ಮಿಲಿಮೀಟರ್ ಸಿಗುತ್ತದೆ, ಆದರೆ ಅಷ್ಟು ಹತ್ತಿರದಲ್ಲಿ ಲೆನ್ಸು ಎಫ್/32ರ ಹಾಗೆ ವರ್ತಿಸುತ್ತದೆ, ಬೆಳಕು ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಹಾಗಾಗಿ ಬಾಗು ಸೆನ್ಸರಿಗೆ ಸಮಾನಾಂತರವಾಗಿರೋ ಬದಿಯನ್ನೇ ಆರಿಸಿಕೊಂಡರೆ ಆಕಾರವೂ ಸಿಕ್ಕಿತು, ಫೋಕಸ್ಸೂ ಸಿಕ್ಕಿತು.

ಫೋಕಸ್ ಸ್ಟ್ಯಾಕಿಂಗ್ ಮಾಡಿದರೆ, ಅಂದರೆ ಫೋಕಸ್ ಸ್ವಲ್ಪ ಸ್ವಲ್ಪ ಸರಿಸುತ್ತಾ ತೆಗೆದ ಹಲವು ಫೋಟೋಗಳನ್ನ ಒಂದಾಗಿ ಸೇರಿಸಿದರೆ, ಈ ತಲೆನೋವೇ ಇಲ್ಲವಲ್ಲ ಅಂತ ನೀವು ಕೇಳಬಹುದು. ಮಾಡುತ್ತೇನೆ, ಆದರೆ ಪೂರ್ತಿ ಅಲ್ಲ. ನರಿಬಾಲದ ಹುಲ್ಲಿನ ತೆನೆಯಲ್ಲಿ ಸುತ್ತಲೂ ಒರಟು ಕೂದಲು ಇರುತ್ತಲ್ಲ, ಮುಂದಿನದೂ ಹಿಂದಿನದೂ ಎಲ್ಲ ಒಂದೇ ಥರ ಶಾರ್ಪ್ ಆದರೆ ಅದು ಬಲೆಯ ಹಾಗೆ ಚಪ್ಪಟೆ ಆಗಿಬಿಡುತ್ತದೆ. ನಾನು ಕಡ್ಡಿಯ ನಡುವಿನ ತನಕ ಬಂದು ನಿಲ್ಲಿಸುತ್ತೇನೆ. ಹಿಂದಿನ ಕೂದಲು ಮಂಜಾಗಿಯೇ ಇರಲಿ. ಆಗಲೇ ತೆನೆ ದುಂಡಗಿದೆ ಅಂತ ಗೊತ್ತಾಗೋದು.

ಬೆಳಕಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕೂದಲು, ಸುಂಕು (ಕಾಳಿನ ತುದಿಯಿಂದ ಚಾಚಿರೋ ಬಿರುಸು ಎಳೆ) ಇದ್ದರೆ ಕಪ್ಪು ಹಿನ್ನೆಲೆ, ಹಿಂದಿನಿಂದ ಬೆಳಕು, ಲೆನ್ಸಿಗೆ ಬೆಳಕು ಹೊಡೆಯದ ಹಾಗೆ ಅಡ್ಡ ಒಂದು ರಟ್ಟು. ಕವಲು ಕವಲಾಗಿ ಹರಡಿದ್ದರೆ ಬಿಳಿ ಹಿನ್ನೆಲೆ. ದುಂಡು ಕಾಳಿದ್ದರೆ ಪಕ್ಕದಿಂದ ಬೆಳಕು.

ಇಲ್ಲಿ ಕಾರ್ಲ್ ಬ್ಲಾಸ್‌ಫೆಲ್ಟ್ ಅವರನ್ನ ನೆನೆಯದೆ ಇರೋಕೆ ಆಗೋದಿಲ್ಲ. 1865ರಲ್ಲಿ ಹುಟ್ಟಿ 1932ರಲ್ಲಿ ತೀರಿಕೊಂಡ ಈ ಜರ್ಮನ್ ಮೇಷ್ಟ್ರು ತಾವೇ ಮಾಡಿಕೊಂಡ ಕ್ಯಾಮೆರಾದಲ್ಲಿ ಗಿಡಗಳ ಮೊಗ್ಗು, ಕಾಂಡ, ಬೀಜಗಳನ್ನ ಎಷ್ಟೋ ಪಟ್ಟು ಹಿಗ್ಗಿಸಿ ತೆಗೆದರು. ಅವರ ಚಿತ್ರಗಳಲ್ಲಿ ಹಿನ್ನೆಲೆ ಖಾಲಿ, ಗಿಡ ನಡುವಿನಲ್ಲಿ ನೆಟ್ಟಗೆ, ಎಡ ಬಲ ಸರಿಸಮ. ಬಾಗು ಬಳುಕಿನ ಗೊಡವೆ ಕಡಿಮೆ. ಅವರಿಗೆ ಬೇಕಾಗಿದ್ದು ಆಕಾರದ ಕಟ್ಟಡ, ವಿದ್ಯಾರ್ಥಿಗಳಿಗೆ ತೋರಿಸೋಕೆ. ಅದಕ್ಕೆ ಆ ಜೋಡಣೆ ಅಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಬಿರುಸಾಗಿ ನೆಟ್ಟಗೆ ನಿಲ್ಲೋ ತೆನೆ ಸಿಕ್ಕಾಗ ನಾನೂ ಅದನ್ನೇ ಮಾಡುತ್ತೇನೆ, ನಡುವಿನಲ್ಲಿ ಇಟ್ಟು ಸುಮ್ನೆ ಬಿಡುತ್ತೇನೆ. ಬಾಗಿದ ತೆನೆಯನ್ನ ಎಳೆದು ನೆಟ್ಟಗೆ ಮಾಡೋದು ಮಾತ್ರ ನನಗೆ ಸಮ್ಮತ ಇಲ್ಲ.

ಉದ್ದ ಸುಂಕಿನ ಹುಲ್ಲುಗಳದ್ದು ಬೇರೆಯೇ ಕಷ್ಟ. ಸುಂಕಿನ ತುದಿ ಫ್ರೇಮಿನ ಅಂಚಿಗೆ ಮುಟ್ಟಿಯೂ ಮುಟ್ಟದ ಹಾಗೆ ನಿಂತರೆ ಅದಕ್ಕಿಂತ ಕಿರಿಕಿರಿ ಇನ್ನೊಂದಿಲ್ಲ. ಒಂದೋ ಸುತ್ತ ಧಾರಾಳವಾಗಿ ಜಾಗ ಬಿಟ್ಟು ಪೂರ್ತಿ ಒಳಗೆ ಇಡಿ, ಇಲ್ಲ ಧೈರ್ಯವಾಗಿ ನಡುವೆ ಕತ್ತರಿಸಿ. ಬಟ್ಟೆಗೆ ಚುಚ್ಚಿಕೊಳ್ಳೋ ಊಬಿನ ಹುಲ್ಲಿನಲ್ಲಿ ಇನ್ನೂ ಒಂದು ವಿಚಾರ ಇದೆ. ಅದರ ಸುಂಕು ಒಣಗಿದಾಗ ಹುರಿಗೊಳ್ಳುತ್ತದೆ, ತೇವ ತಾಗಿದರೆ ಹುರಿ ಬಿಚ್ಚಿಕೊಳ್ಳುತ್ತದೆ. ಹತ್ತಿರದಿಂದ ನೋಡಿದರೆ ಎಳೆದು ಹೊಸೆದ ಹಗ್ಗದ ಹಾಗೇ ಇರುತ್ತದೆ. ಒಮ್ಮೆ ಸ್ಟ್ಯಾಕಿಂಗಿಗೆ ಅಂತ 30 ಫೋಟೋ ತೆಗೆಯುವಷ್ಟರಲ್ಲಿ ಒಂದು ಸುಂಕು ಪಕ್ಕಕ್ಕೆ ಸರಿದು, ಕೊನೆಗೆ ಚಿತ್ರದಲ್ಲಿ ಅದರ ಎರಡು ನೆರಳು ಬಂದಿದ್ದವು. ಈಗ ಲೈಟು ಹಾಕಿ ಅರ್ಧ ಗಂಟೆ ಹಾಗೇ ಬಿಟ್ಟು, ಅದು ನಿಂತ ಮೇಲೆ ಫ್ರೇಮ್ ಮಾಡುತ್ತೇನೆ.

ನಿನ್ನೆ ತೆಗೆದಿದ್ದು ಹಣ್ಣಾದ ಒಂದು ತೆನೆ. ಕ್ಲಿಪ್ಪಿಗೆ ಹಾಕುವಾಗಲೇ ತುದಿಯ ಐದಾರು ಕಾಳು ಮಖಮಲ್ ಮೇಲೆ ಉದುರಿದವು. ಬಿದ್ದ ಕಾಳುಗಳನ್ನ ಬ್ರಷ್ಷಿನಿಂದ ತೆಗೆದೆ. ಆದರೆ ಖಾಲಿಯಾದ ತೊಟ್ಟುಗಳನ್ನ ಫ್ರೇಮಿನಿಂದ ಹೊರಗೆ ಹಾಕೋಕೆ ಮನಸ್ಸಾಗಲಿಲ್ಲ. ಕೆಳಗೆ ಕಾಳು ತುಂಬಿರೋ ಕಡೆ ಕಡ್ಡಿ ಇನ್ನೂ ಬಾಗಿತ್ತು, ತುದಿ ಮಾತ್ರ ಹಗುರಾಗಿ ಸ್ವಲ್ಪ ಮೇಲಕ್ಕೆ ಎದ್ದಿತ್ತು. ಕ್ಯಾಮೆರಾವನ್ನ ಎರಡು ಬೆರಳು ಮೇಲಕ್ಕೆ ಏರಿಸಿ, ಆ ತುದಿಯ ಮೇಲೆ ಇನ್ನಷ್ಟು ಕಪ್ಪು ಜಾಗ ಬಿಟ್ಟು ತೆಗೆದೆ.